ಹಾಡಿಗೆಂದೇ ಮೀಸಲಾದ ಲ್ಯಾಪ್‌ಟಾಪ್: ಯಾರಿಗೆ ಸರಿ, ಯಾರಿಗೆ ಬೇಡ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಒಗ್ಗದ ಲ್ಯಾಪ್‌ಟಾಪ್‌ಗಳು ಮಂಗಳೂರು, ಉಡುಪಿ, ಮಣಿಪಾಲದ ಎಷ್ಟೋ ಮನೆಗಳ ಕಪಾಟಿನಲ್ಲಿ ಸುಮ್ಮನೆ ಕುಳಿತಿವೆ. ಮಕ್ಕಳ ಇಂಜಿನಿಯರಿಂಗ್ ಓದಿಗೆಂದು ಕೊಂಡದ್ದು, ಅವರು ಬೆಂಗಳೂರಿಗೋ ದುಬೈಗೋ ಹೋದ ಮೇಲೆ ಹಿಂದೆ ಉಳಿದದ್ದು. ಗುಜರಿಗೆ ಹಾಕಿದರೆ ಸಿಗುವುದು ಚಿಲ್ಲರೆ ದುಡ್ಡು.

ಅದೇ ಮನೆಯ ಚಾವಡಿಯಲ್ಲಿ ಒಳ್ಳೆಯ ಆಂಪ್ಲಿಫೈಯರ್ ಮತ್ತು ಒಂದು ಜೊತೆ ಸ್ಪೀಕರ್ ಇದ್ದರೆ, ಆ ಲ್ಯಾಪ್‌ಟಾಪನ್ನು ಹಾಡಿಗೆಂದೇ ಮೀಸಲಿಡಬಹುದೇ? ವೈಫೈ ಮೂಲಕ ಹಾಡು ತಂದುಕೊಡುವ ಸ್ಟ್ರೀಮರ್ ಎಂಬ ಪೆಟ್ಟಿಗೆ ಕೊಳ್ಳುವುದು ಲೇಸೇ? ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಆದೀತೇ? ಹಳೆಯ ಸಿಡಿ ಪ್ಲೇಯರನ್ನೇ ರಿಪೇರಿ ಮಾಡಿಸಿದರೆ ಹೇಗೆ? ಸರಿಯಾಗಿ ಹೊಂದಿಸಿಕೊಂಡರೆ ಧ್ವನಿಯಲ್ಲಿ ಇವುಗಳ ನಡುವಿನ ಅಂತರ ಅಂಗಡಿಯವರು ಹೇಳುವುದಕ್ಕಿಂತ ಬಹಳ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಆಯ್ಕೆಯನ್ನು ಬೇರೊಂದು ಪ್ರಶ್ನೆಯಿಂದ ಆರಂಭಿಸಬೇಕು.

ನಿಮ್ಮ ಹಾಡು ಈಗ ಎಲ್ಲಿದೆ?

ನೀವು ಕೇಳುವುದೆಲ್ಲ ಚಂದಾ ಕಟ್ಟಿದ ಆ್ಯಪ್‌ನಲ್ಲೇ ಇದ್ದರೆ ಲ್ಯಾಪ್‌ಟಾಪಿನ ಗೊಡವೆ ನಿಮಗೆ ಬೇಡ. ಅದನ್ನು ಹೊಂದಿಸಲು ಪಡುವ ಶ್ರಮಕ್ಕೆ ತಕ್ಕ ಫಲ ಸಿಗುವುದಿಲ್ಲ. ಮುಂದೆ ಸ್ಟ್ರೀಮರ್ ಬಗ್ಗೆ ಬರೆದಿರುವುದನ್ನಷ್ಟೇ ಓದಿದರೆ ಸಾಕು.

ಕಪಾಟಿನ ತುಂಬ ಸಿಡಿಗಳಿದ್ದರೆ ಮಾತು ಬದಲಾಗುತ್ತದೆ. ಅವುಗಳನ್ನು ಒಂದೊಂದಾಗಿ ಫೈಲುಗಳಾಗಿ ಇಳಿಸಿಕೊಳ್ಳಬೇಕು, ಹೆಸರು ಹಾಕಬೇಕು, ಜೋಡಿಸಿಡಬೇಕು. ಆ ಕೆಲಸಕ್ಕೆ ಹೇಗೂ ಒಂದು ಕಂಪ್ಯೂಟರ್ ಬೇಕೇ ಬೇಕು.

ನಮ್ಮ ಕರಾವಳಿಯ ಮನೆಗಳಲ್ಲಿ ಮೂರನೆಯದೊಂದು ರಾಶಿ ಇರುತ್ತದೆ, ಕ್ಯಾಸೆಟ್ಟಿನದು. ಬಯಲಿನಲ್ಲಿ ರಾತ್ರಿಯಿಡೀ ಕುಳಿತು ಯಾರೋ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಯಕ್ಷಗಾನದ ಆಟ, ದೇವಸ್ಥಾನದ ಪೌಳಿಯಲ್ಲಿ ನಡೆದ ತಾಳಮದ್ದಳೆ, ಊರಿನ ಭಜನಾ ಮಂಡಳಿಯ ಏಕಾಹ ಭಜನೆ, ಅಜ್ಜಿ ಹೇಳಿದ ತುಳು ಕಥನಗೀತೆ ಪಾಡ್ದನ, ಮದುವೆಯ ಮನೆಯ ಕೊಂಕಣಿ ಹಾಡು. ಇವು ಯಾವ ಆ್ಯಪ್‌ನಲ್ಲೂ ಇಲ್ಲ, ಮುಂದೆ ಬರುವುದೂ ಇಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರದಂಥ ಸಂಸ್ಥೆಗಳು ತಮ್ಮ ಪಾಲಿನ ದಾಖಲಾತಿ ಮಾಡಿವೆ. ನಿಮ್ಮ ಮನೆಯ ಅಟ್ಟದಲ್ಲಿರುವ ಕ್ಯಾಸೆಟ್ಟಿಗೆ ಮಾತ್ರ ನೀವೇ ದಿಕ್ಕು.

ಸ್ಟ್ರೀಮರ್, ಸಿಡಿ ಪ್ಲೇಯರ್, ಮೊಬೈಲ್ ಎಲ್ಲವೂ ಹಾಡನ್ನು ಹೊರಗೆ ಕೊಡುತ್ತವೆ. ಲ್ಯಾಪ್‌ಟಾಪ್ ಹೊರಗೂ ಕೊಡುತ್ತದೆ, ಒಳಗೂ ತೆಗೆದುಕೊಳ್ಳುತ್ತದೆ. ಅದನ್ನು ಮೀಸಲಿಡಲು ಇರುವ ಗಟ್ಟಿ ಕಾರಣ ಇದೊಂದೇ. ಉಳಿದ ಕಾರಣಗಳೆಲ್ಲ ಇದರ ಹಿಂದೆ ಬರುತ್ತವೆ.

ಉಳಿದ ದಾರಿಗಳು

ಮೊಬೈಲ್ ಮತ್ತು ಬ್ಲೂಟೂತ್ ಜೋಡಿ ಎಲ್ಲಕ್ಕಿಂತ ಸುಲಭ. ಸಿಡಿಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್ ಮಾಹಿತಿ ಇರುತ್ತದೆ. ಬ್ಲೂಟೂತಿನ ಸಾಮಾನ್ಯ ಎಸ್‌ಬಿಸಿ ವಿಧಾನ ಸುಮಾರು 328 ಕಿಲೋಬಿಟ್, ಎಲ್‌ಡ್ಯಾಕ್ ಎಂಬ ಇನ್ನೊಂದು ವಿಧಾನ ಹೆಚ್ಚೆಂದರೆ 990 ಕಿಲೋಬಿಟ್ ಸಾಗಿಸುತ್ತದೆ. ಅಡುಗೆ ಮಾಡುವಾಗ, ಅಂಗಳ ಗುಡಿಸುವಾಗ ಹಿನ್ನೆಲೆಯಲ್ಲಿ ಕೇಳಲು ಧಾರಾಳ ಸಾಕು. ಕುಳಿತು ಕೇಳುವ ಹೊತ್ತಿನಲ್ಲಿ ಆಲಾಪನೆಯ ನಡುವೆ ಫೋನ್ ರಿಂಗಾಗುವುದನ್ನು ನಾನಂತೂ ಸಹಿಸಲಾರೆ.

ಸ್ಟ್ರೀಮರ್ ಅಂದರೆ ವೀಮ್, ಬ್ಲೂಸೌಂಡ್ ಮುಂತಾದ ಕಂಪೆನಿಗಳ ಸಣ್ಣ ಪೆಟ್ಟಿಗೆ. ವೈಫೈಗೆ ಸೇರಿಸಿ, ಆಂಪ್ಲಿಫೈಯರಿಗೆ ತಂತಿ ಕೊಟ್ಟು, ಮೊಬೈಲಿನಿಂದ ಹಾಡು ಆರಿಸಿದರೆ ಆಯಿತು. ಫ್ಯಾನ್ ಇಲ್ಲ, ಸದ್ದಿಲ್ಲ, ಪಾಸ್‌ವರ್ಡ್ ಕೇಳುವ ಪರದೆ ಇಲ್ಲ. ಮನೆಯ ಹಿರಿಯರು ಯಾರ ಸಹಾಯವೂ ಇಲ್ಲದೆ ಹಾಡು ಹಾಕಿಕೊಳ್ಳಬೇಕು ಎಂದಿದ್ದರೆ ಇದಕ್ಕೆ ಸರಿಸಾಟಿ ಇಲ್ಲ. ಒಂದೇ ತೊಡಕು, ಇದರ ಆಯುಸ್ಸು ಕಂಪೆನಿಯ ಕೈಯಲ್ಲಿರುತ್ತದೆ. ಗೂಗಲ್ 2015ರಲ್ಲಿ ತಂದ ಕ್ರೋಮ್‌ಕಾಸ್ಟ್ ಆಡಿಯೊ 2019ರ ಆರಂಭಕ್ಕೆ ನಿಂತುಹೋಯಿತು. ಲಾಜಿಟೆಕ್ ಕಂಪೆನಿ ಸ್ಕ್ವೀಝ್‌ಬಾಕ್ಸ್ ತಯಾರಿಕೆಯನ್ನು 2012ರಲ್ಲೇ ಕೈಬಿಟ್ಟಿತು. ಆದರೂ ಆ ಪೆಟ್ಟಿಗೆಗಳು ಇವತ್ತಿಗೂ ಹಾಡುತ್ತಿವೆ. ಅವುಗಳ ಸರ್ವರ್ ತಂತ್ರಾಂಶ ಮುಕ್ತವಾಗಿದ್ದರಿಂದ ಬಳಕೆದಾರರೇ ಅದನ್ನು ಬೆಳೆಸಿಕೊಂಡು ಬಂದರು. ಈಗ ಅದರ ಹೆಸರು ಲಿರಿಯನ್. ಆದ್ದರಿಂದ ಸ್ಟ್ರೀಮರ್ ಕೊಳ್ಳುವವರು ಡಿಎಲ್‌ಎನ್‌ಎ ಎಂಬ ನೆಟ್‌ವರ್ಕ್ ವಿಧಾನದ ಮೂಲಕ ಮನೆಯ ಸ್ವಂತ ಫೈಲುಗಳನ್ನೂ ನುಡಿಸಬಲ್ಲದ್ದನ್ನೇ ಆರಿಸಿ. ಯಾವುದೋ ಚಂದಾ ಸೇವೆಗೆ ಮಾತ್ರ ಕಟ್ಟುಬಿದ್ದದ್ದನ್ನು ಮುಟ್ಟಬೇಡಿ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಬೋರ್ಡಿಗೆ ವಾಲ್ಯೂಮಿಯೊ ಅಥವಾ ಮೂಡ್ ತಂತ್ರಾಂಶ ಹಾಕಿದರೆ ಅದೂ ಒಂದು ಸ್ಟ್ರೀಮರೇ. 2019ರಲ್ಲಿ ಬಂದ ನಾಲ್ಕನೆಯ ಮಾದರಿಯಿಂದೀಚೆಗೆ ಯುಎಸ್‌ಬಿಗೂ ನೆಟ್‌ವರ್ಕಿಗೂ ಬೇರೆ ಬೇರೆ ದಾರಿ ಇರುವುದರಿಂದ ಹಳೆಯ ಮಾದರಿಗಳ ಇಕ್ಕಟ್ಟು ಇಲ್ಲ. ಕೈಯಿಂದ ಜೋಡಿಸುವ ಸಂತೋಷ ಬೇಕೆನ್ನುವವರಿಗೆ ಒಳ್ಳೆಯದು. ಆದರೆ ಬೋರ್ಡ್, ಅಡಾಪ್ಟರ್, ಪೆಟ್ಟಿಗೆ, ಕಾರ್ಡ್ ಎಲ್ಲವನ್ನೂ ಕೂಡಿಸಿದರೆ ಸಣ್ಣ ಸ್ಟ್ರೀಮರಿನ ಬೆಲೆಗೆ ಹತ್ತಿರ ಬರುತ್ತದೆ. ಕರೆಂಟ್ ಪದೇ ಪದೇ ಹೋಗಿ ಬರುವ ಮಳೆಗಾಲದಲ್ಲಿ ಅದರ ಮೆಮೊರಿ ಕಾರ್ಡ್ ಕೈಕೊಡುವ ಸಾಧ್ಯತೆಯೂ ಇದೆ. ಕಪಾಟಿನಲ್ಲಿ ಬ್ಯಾಟರಿ ಸಮೇತ ಲ್ಯಾಪ್‌ಟಾಪ್ ಇರುವವರು ಇದಕ್ಕೆ ದುಡ್ಡು ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಸಿಡಿ ಪ್ಲೇಯರ್ ಸರಿಯಾಗಿ ಓಡುತ್ತಿದ್ದರೆ ಇಟ್ಟುಕೊಳ್ಳಿ. ಲೇಸರ್ ಕೆಟ್ಟಿದ್ದರೆ ಬಿಡಿಭಾಗಕ್ಕೆ ಅಲೆಯುವುದು ಬೇಡ.

ಲ್ಯಾಪ್‌ಟಾಪ್ ಆದರೆ ಎಂಥದ್ದು?

ಹತ್ತು ಹನ್ನೆರಡು ವರ್ಷ ಹಳೆಯದಾದರೂ ನಡೆಯುತ್ತದೆ. ಎರಡು ಕೋರಿನ ಪ್ರೊಸೆಸರ್, 4 ಜಿಬಿ ರ‍್ಯಾಮ್ ಸಾಕು. ಹಾಡು ನುಡಿಸುವುದು ಕಂಪ್ಯೂಟರಿಗೆ ಅತ್ಯಂತ ಹಗುರವಾದ ಕೆಲಸ. ಸಿಡಿ ಡ್ರೈವ್ ಇರುವ ಹಳೆಯ ಮಾದರಿ ಸಿಕ್ಕಿದರೆ ಅದೃಷ್ಟ ಎನ್ನಿ, ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದು ಇರುವುದಿಲ್ಲ.

ಎರಡು ಕೆಲಸ ಮಾತ್ರ ಮಾಡಿಸಲೇಬೇಕು. ತಿರುಗುವ ಹಾರ್ಡ್ ಡಿಸ್ಕ್ ತೆಗೆಸಿ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿ. ಕಿರಿಕಿರಿ ಸದ್ದು ನಿಲ್ಲುತ್ತದೆ, ಯಂತ್ರವೂ ಚುರುಕಾಗುತ್ತದೆ. ಹಾಗೆಯೇ ಹಿಂಬದಿ ಬಿಚ್ಚಿಸಿ ಫ್ಯಾನಿನ ಧೂಳು ತೆಗೆಸಿ, ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟ್ ಬದಲಾಯಿಸಿ. ಇಷ್ಟಾದರೆ ಹಾಡು ನುಡಿಸುವಾಗ ಫ್ಯಾನ್ ತಿರುಗುವುದೇ ಅಪರೂಪ. ನಮ್ಮ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಸೀಲಿಂಗ್ ಫ್ಯಾನ್ ಇಲ್ಲದೆ ಕುಳಿತು ಹಾಡು ಕೇಳುವವರು ಯಾರೂ ಇಲ್ಲ. ಅದರ ಸದ್ದಿನ ಮುಂದೆ ಲ್ಯಾಪ್‌ಟಾಪಿನ ಸದ್ದು ಲೆಕ್ಕಕ್ಕೇ ಬರುವುದಿಲ್ಲ. ಡಿಸೆಂಬರ್ ರಾತ್ರಿಗಳಲ್ಲಿ, ಫ್ಯಾನ್ ನಿಲ್ಲಿಸಿ ಸಣ್ಣ ಧ್ವನಿಯಲ್ಲಿ ವೀಣೆ ಕೇಳುವಾಗ ಮಾತ್ರ ಈ ಎಚ್ಚರಿಕೆಗೆಲ್ಲ ಅರ್ಥ ಬರುತ್ತದೆ.

ಜಾಗದ ಲೆಕ್ಕವೂ ಸುಲಭ. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ಫೈಲ್ ವಿಧಾನ ಸಿಡಿಯ ಮಾಹಿತಿಯನ್ನು ಒಂದಿಷ್ಟೂ ಕಳೆದುಕೊಳ್ಳದೆ ಅರ್ಧದ ಆಸುಪಾಸಿಗೆ ಇಳಿಸುತ್ತದೆ. ಒಂದು ಸಿಡಿಗೆ ಸರಾಸರಿ 300 ಎಂಬಿ ಹಿಡಿದರೆ ಸಾವಿರ ಸಿಡಿಗೆ 300 ಜಿಬಿ. 500 ಜಿಬಿಯ ಎಸ್‌ಎಸ್‌ಡಿಯಲ್ಲಿ ಹೆಚ್ಚಿನವರ ಸಂಗ್ರಹವೆಲ್ಲ ಹಿಡಿಸಿ ಜಾಗ ಉಳಿಯುತ್ತದೆ. ಸಿಡಿ ಇಳಿಸಲು ವಿಂಡೋಸಿನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ಉಚಿತ ತಂತ್ರಾಂಶ ಉತ್ತಮ. ನಿಮ್ಮ ಪ್ರತಿ ಬೇರೆಯವರು ಅದೇ ಸಿಡಿಯಿಂದ ಇಳಿಸಿದ ಪ್ರತಿಗೆ ಹೊಂದುತ್ತದೆಯೇ ಎಂದು ಅದು ತಾಳೆ ನೋಡಿ ಹೇಳುತ್ತದೆ. ಗೀರು ಬಿದ್ದ ಸಿಡಿಗಳಿಗೆ ಇದು ದೊಡ್ಡ ಉಪಕಾರ.

ಮೀಸಲು ಎಂದರೆ ನಿಜಕ್ಕೂ ಮೀಸಲಾಗಿರಬೇಕು. ಅದೇ ಯಂತ್ರದಲ್ಲಿ ಇಮೇಲ್, ಬ್ಯಾಂಕ್ ಕೆಲಸ, ವಾಟ್ಸ್‌ಆ್ಯಪ್ ಇಟ್ಟುಕೊಂಡರೆ ಸಂದೇಶ ಬಂದ ಸದ್ದೆಲ್ಲ ಸ್ಪೀಕರಿನಲ್ಲಿ ಕೇಳುತ್ತದೆ, ಅಪ್‌ಡೇಟ್ ಬಂದು ಹಾಡಿನ ನಡುವೆ ಯಂತ್ರ ಮರುಚಾಲನೆಯಾಗುತ್ತದೆ. ಹಾಡಿನಲ್ಲಿ ಆಗಾಗ ಟಪ್ ಎಂಬ ಸದ್ದು ಬರುತ್ತಿದ್ದರೆ ಬಹುಪಾಲು ಸಂದರ್ಭಗಳಲ್ಲಿ ವೈಫೈ ಅಥವಾ ಇನ್ನಾವುದೋ ಡ್ರೈವರಿನ ಅಡ್ಡಿ ಕಾರಣ. ಲೇಟೆನ್ಸಿಮಾನ್ ಎಂಬ ಉಚಿತ ತಂತ್ರಾಂಶ ಯಾವ ಡ್ರೈವರ್ ಎಂದು ತೋರಿಸುತ್ತದೆ.

ವಿಂಡೋಸ್, ಲಿನಕ್ಸ್, ಮ್ಯಾಕ್

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಸಿಡಿಯ ಹಾಡು ಸೆಕೆಂಡಿಗೆ 44,100 ಮಾದರಿಗಳ (ಧ್ವನಿಯ ಅಳತೆಗಳ) ಲೆಕ್ಕದಲ್ಲಿ ಇರುತ್ತದೆ. ವಿಂಡೋಸ್ ತನ್ನೊಳಗಿನ ಎಲ್ಲ ಸದ್ದುಗಳನ್ನೂ ಒಂದೇ ಲೆಕ್ಕಕ್ಕೆ, ಬಹಳ ಸಲ 48,000ಕ್ಕೆ, ತಂದು ಬೆರೆಸಿ ಹೊರಗೆ ಕಳುಹಿಸುತ್ತದೆ. ಹಾಡಿನ ಪ್ರತಿಯೊಂದು ಮಾದರಿಯೂ ಹೊಸದಾಗಿ ಎಣಿಕೆಯಾಗುತ್ತದೆ. ಕಿವಿಗೆ ಇದರ ವ್ಯತ್ಯಾಸ ತೀರ ಸಣ್ಣದು. ಆದರೂ ತಪ್ಪಿಸುವುದು ಇಷ್ಟು ಸುಲಭವಿರುವಾಗ ಬಿಡುವುದೇಕೆ?

ಫೂಬಾರ್2000 ಅಥವಾ ಮ್ಯೂಸಿಕ್‌ಬೀ ಹಾಕಿಕೊಳ್ಳಿ. ಎರಡೂ ಉಚಿತ. ಔಟ್‌ಪುಟ್ ಆಯ್ಕೆಯಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ ಎಂಬುದನ್ನು ಆರಿಸಿದರೆ ವಿಂಡೋಸಿನ ಆ ಬೆರಕೆ ತಪ್ಪಿ ಹಾಡು ಇದ್ದ ಹಾಗೆಯೇ ಹೊರಗೆ ಹೋಗುತ್ತದೆ. ನಿಮ್ಮ ಡ್ಯಾಕಿನ (ಡಿಜಿಟಲ್ ಅಂಕಿಗಳನ್ನು ಆಂಪ್ಲಿಫೈಯರಿಗೆ ಬೇಕಾದ ಸಂಕೇತವಾಗಿಸುವ ಪೆಟ್ಟಿಗೆ, ಮುಂದೆ ವಿವರಿಸಿದ್ದೇನೆ) ಮುಖದ ಮೇಲೆ ಅಂಕಿ ತೋರಿಸುವ ಪುಟ್ಟ ಪರದೆ ಇದ್ದರೆ ಪರೀಕ್ಷೆ ಅಲ್ಲೇ ಇದೆ: ಸಿಡಿಯಿಂದ ಇಳಿಸಿದ ಹಾಡು ಹಾಕಿದಾಗ ಅದು 44.1 ಎಂದು ತೋರಿಸಬೇಕು. ಏನು ಹಾಕಿದರೂ 48 ಎಂದೇ ತೋರಿಸುತ್ತಿದ್ದರೆ ಬೆರಕೆ ಇನ್ನೂ ನಡೆಯುತ್ತಿದೆ. ಹೊಸ ಯುಎಸ್‌ಬಿ ಡ್ಯಾಕ್‌ಗಳಿಗೆ ವಿಂಡೋಸ್ 10ರ 2017ರ ಅಪ್‌ಡೇಟಿನಿಂದೀಚೆಗೆ ಬೇರೆ ಡ್ರೈವರ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ವಿಂಡೋಸ್ 7ರ ಯಂತ್ರವಾದರೆ ಡ್ಯಾಕ್ ತಯಾರಕರ ಡ್ರೈವರ್ ಬೇಕು.

ಆದರೆ ಬೆಂಬಲ ನಿಂತ ವಿಂಡೋಸನ್ನು ಇಂಟರ್ನೆಟ್ಟಿಗೆ ಕಟ್ಟಿಡುವುದು ಒಳ್ಳೆಯದಲ್ಲ. ಹಾಡು ಕೇಳುವುದಕ್ಕೆ ಮಾತ್ರ ಬಳಸುವವರಿಗೆ ನನ್ನ ಮೊದಲ ಸಲಹೆ ಡ್ಯಾಫೈಲ್. ಇದು ಲಿನಕ್ಸ್ ಆಧಾರಿತ, ಉಚಿತ, ಹಾಡಿಗೆಂದೇ ಮಾಡಿದ ವ್ಯವಸ್ಥೆ. ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಲ್ಯಾಪ್‌ಟಾಪ್ ಚಾಲೂ ಮಾಡಿ ನೋಡಬಹುದು, ಒಳಗಿನ ವಿಂಡೋಸಿಗೆ ಏನೂ ಆಗುವುದಿಲ್ಲ. ಹಿಡಿಸಿದರೆ ಆಮೇಲೆ ಒಳಗೇ ಹಾಕಿಕೊಳ್ಳಿ. ಲ್ಯಾಪ್‌ಟಾಪಿನ ಪರದೆಯ ಮೇಲೆ ನೀವು ಏನನ್ನೂ ಮಾಡಬೇಕಿಲ್ಲ. ಅದನ್ನು ಬದಿಗಿಟ್ಟು ಮೊಬೈಲಿನ ಬ್ರೌಸರಿನಿಂದ ಹಾಡು ಆರಿಸಬಹುದು. ಸಿಡಿ ಹಾಕಿದರೆ ಅದೇ ಇಳಿಸಿಯೂ ಕೊಡುತ್ತದೆ. ಕೊರತೆಯೆಂದರೆ ಕ್ಯಾಸೆಟ್ ಕೆಲಸ ಅದರಲ್ಲಿ ಆಗದು.

ಎರಡೂ ಬೇಕೆನ್ನುವವರು ಲಿನಕ್ಸ್ ಮಿಂಟ್ ಹಾಕಿಕೊಳ್ಳಿ. ವಿಂಡೋಸ್ ಕಂಡವರಿಗೆ ಅದರ ಪರದೆ ಹೊಸದೆನಿಸುವುದಿಲ್ಲ. ಸ್ಟ್ರಾಬೆರಿ ಎಂಬ ಪ್ಲೇಯರಿನಲ್ಲಿ ಕೇಳಬಹುದು, ಒಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಕ್ಯಾಸೆಟ್ ಇಳಿಸಬಹುದು. ಕರಾವಳಿಯ ಸಂಗ್ರಾಹಕರಿಗೆ ನಾನು ಹೇಳುವುದು ಇದನ್ನೇ.

ಹಳೆಯ ಮ್ಯಾಕ್‌ಬುಕ್ ಪ್ರೊ ಇದ್ದರೆ ಅದನ್ನು ಕೊಟ್ಟುಬಿಡಬೇಡಿ. 2015ರವರೆಗಿನ ಮಾದರಿಗಳ ಹೆಡ್‌ಫೋನ್ ಕಿಂಡಿಯಲ್ಲೇ, ಹಾಡಿನ ಅಂಕಿಗಳನ್ನು ಬೆಳಕಾಗಿ ಕಳುಹಿಸುವ ಆಪ್ಟಿಕಲ್ ಔಟ್‌ಪುಟ್ ಅಡಗಿದೆ. ಕಿಂಡಿಯೊಳಗೆ ಮಸುಕಾದ ಕೆಂಪು ಬೆಳಕು ಕಂಡರೆ ಅದೇ. ಸಣ್ಣ ತುದಿಯ ಆಪ್ಟಿಕಲ್ ಕೇಬಲ್ ಒಂದಿದ್ದರೆ ಡ್ಯಾಕಿಗೋ ಹೋಮ್ ಥಿಯೇಟರಿನ ಎವಿ ರಿಸೀವರಿಗೋ ನೇರವಾಗಿ ಕಟ್ಟಬಹುದು. ಮಾದರಿ ಲೆಕ್ಕವನ್ನು ಆಡಿಯೊ ಮಿಡಿ ಸೆಟಪ್ ಎಂಬಲ್ಲಿ ನೀವೇ ಹೊಂದಿಸಬೇಕು.

ಡ್ಯಾಕ್ ಬೇಕೇ?

ಡಿಜಿಟಲ್ ಅಂಕಿಗಳನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಿಸುವುದು ಡ್ಯಾಕ್. ಪ್ರತಿ ಲ್ಯಾಪ್‌ಟಾಪಿನ ಒಳಗೂ ಒಂದು ಇದೆ, ಅದರ ಬಾಯಿಯೇ ಹೆಡ್‌ಫೋನ್ ಕಿಂಡಿ. ಮೊದಲು ಅದರಿಂದಲೇ ಕೇಳಿ ನೋಡಿ. ಒಂದು ತುದಿಯಲ್ಲಿ 3.5 ಮಿಲಿಮೀಟರ್ ಪಿನ್, ಇನ್ನೊಂದು ತುದಿಯಲ್ಲಿ ಕೆಂಪು ಬಿಳಿ ಆರ್‌ಸಿಎ ಪಿನ್ ಇರುವ ತಂತಿ ಯಾವ ಇಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳ ಕಿಂಡಿ ನಿಜಕ್ಕೂ ಚೆನ್ನಾಗಿಯೇ ನುಡಿಯುತ್ತದೆ. ಇನ್ನು ಕೆಲವದರಲ್ಲಿ ಹಾಡು ಇಲ್ಲದಾಗಲೂ ಸಣ್ಣಗೆ ಸುಯ್ ಎನ್ನುತ್ತಿರುತ್ತದೆ, ಮೌಸ್ ಆಡಿಸಿದಾಗ ಕಿರ್ ಎನ್ನುತ್ತದೆ. ಅಂಥವಕ್ಕೆ ಹೊರಗಿನ ಡ್ಯಾಕ್ ಬೇಕು.

ಟಾಪಿಂಗ್, ಎಸ್‌ಎಂಎಸ್‌ಎಲ್, ಫಿಯೊ, ಐಫೈ ಕಂಪೆನಿಗಳ ಸಣ್ಣ ಡ್ಯಾಕ್‌ಗಳಲ್ಲಿ ಯಾವುದನ್ನು ಕೊಂಡರೂ ಹೆಚ್ಚಿನ ಮನೆಗಳಿಗೆ ಅದೇ ಕೊನೆಯ ಡ್ಯಾಕ್ ಆದೀತು. ಅದಕ್ಕಿಂತ ಮೇಲೆ ಹಾಕುವ ದುಡ್ಡನ್ನು ಸ್ಪೀಕರಿಗೆ ಹಾಕಿ. ಸಾವಿರಾರು ರೂಪಾಯಿಯ ಯುಎಸ್‌ಬಿ ತಂತಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಪ್ರಿಂಟರಿನ ಜೊತೆ ಬರುವ ತಂತಿಯೂ ಅದೇ ಅಂಕಿಗಳನ್ನು ಅಷ್ಟೇ ನಿಷ್ಠೆಯಿಂದ ಸಾಗಿಸುತ್ತದೆ. 192 ಕಿಲೋಹರ್ಟ್ಸ್ ಎಂಬ ಅಂಕಿಯ ಹಿಂದೆ, ಡಿಎಸ್‌ಡಿ ಎಂಬ ಇನ್ನೊಂದು ಡಿಜಿಟಲ್ ಧ್ವನಿ ವಿಧಾನದ ಹಿಂದೆ ಓಡುವುದೂ ಬೇಡ. ಸಿಡಿಯ 44.1 ಕಿಲೋಹರ್ಟ್ಸ್ 22 ಕಿಲೋಹರ್ಟ್ಸ್‌ವರೆಗಿನ ಸ್ವರವನ್ನು ಹಿಡಿಯುತ್ತದೆ, ನಮ್ಮ ಕಿವಿ ಎಳೆಯ ವಯಸ್ಸಿನಲ್ಲೂ 20 ದಾಟುವುದಿಲ್ಲ.

ಕಿಂಡಿಯನ್ನೂ ಡ್ಯಾಕನ್ನೂ ಹೋಲಿಸುವಾಗ ಒಂದು ಎಚ್ಚರಿಕೆ. ಡ್ಯಾಕಿನ ಹೊರಹರಿವು ಸಾಮಾನ್ಯವಾಗಿ 2 ವೋಲ್ಟ್, ಲ್ಯಾಪ್‌ಟಾಪ್ ಕಿಂಡಿಯದು ಹೆಚ್ಚಾಗಿ ಒಂದು ವೋಲ್ಟಿನ ಆಸುಪಾಸು. ಆಂಪ್ಲಿಫೈಯರಿನ ವಾಲ್ಯೂಮ್ ಗುಬುಟು ಇದ್ದಲ್ಲೇ ಇದ್ದರೆ ಡ್ಯಾಕ್ ಜೋರಾಗಿ ಕೇಳುತ್ತದೆ, ಜೋರಾದದ್ದು ಚೆನ್ನಾಗಿದೆ ಎಂದು ಕಿವಿ ನಂಬುತ್ತದೆ. ಎರಡರ ಧ್ವನಿಮಟ್ಟವನ್ನೂ ಸರಿದೂಗಿಸಿ, ಮನೆಯವರೊಬ್ಬರಿಗೆ ತಂತಿ ಬದಲಿಸಲು ಹೇಳಿ, ಯಾವುದು ಯಾವುದೆಂದು ತಿಳಿಯದೆ ಕೇಳಿ. ಹೋಲಿಕೆಗೆ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ನನಗೆ ಬಹಳ ಇಷ್ಟ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯವರೆಗೆ ಹೋದ ನಮ್ಮ ಸಜಿಪದ ಉಸಿರು ಅದು. ಗಮಕ ಜಾರುವಾಗ ಒಂದು ಸ್ವರದಿಂದ ಇನ್ನೊಂದಕ್ಕೆ ನಡುವಿನ ದಾರಿ ಕೇಳಿಸಬೇಕು, ಉಸಿರು ಸೇರಿಕೊಂಡ ಒರಟುತನ ಉಳಿಯಬೇಕು. ಆಮೇಲೆ ಚೆಂಡೆ ಹಾಕಿ. ಪೆಟ್ಟಿನ ಮೊನೆ ಮೊಂಡಾಗಿದ್ದರೆ ಎಲ್ಲೋ ಏನೋ ಸರಿಯಿಲ್ಲ. ನನ್ನ ಅನುಭವದಲ್ಲಿ ಅಂಥ ಮೊಂಡುತನಕ್ಕೆ ಡ್ಯಾಕಿಗಿಂತ ಕೋಣೆಯೇ ಹೆಚ್ಚು ಕಾರಣ: ಟೈಲ್ಸ್ ನೆಲ, ಬರಿಗೋಡೆ, ಗಾಜಿನ ಕಿಟಕಿ ಇರುವ ಫ್ಲ್ಯಾಟಿನ ಹಾಲ್. ಅಲ್ಲಿ ದಪ್ಪನೆಯ ನೆಲಹಾಸು ಮತ್ತು ಪುಸ್ತಕದ ಕಪಾಟು ಮಾಡುವ ಉಪಕಾರವನ್ನು ಯಾವ ಡ್ಯಾಕೂ ಮಾಡದು.

ಮನೆಯಲ್ಲಿ ಎವಿ ರಿಸೀವರ್ ಇದ್ದರೆ ಡ್ಯಾಕಿನ ಚಿಂತೆಯೇ ಬೇಡ, ಎಚ್‌ಡಿಎಂಐ ತಂತಿಯನ್ನು ನೇರವಾಗಿ ಸಿಕ್ಕಿಸಿ.

ಗುಂಯ್ ಎನ್ನುವ ಸದ್ದು

ಲ್ಯಾಪ್‌ಟಾಪ್ ಜೋಡಿಸಿದವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು. ಕಲ್ಯಾಣಪುರದ ನೆಂಟರೊಬ್ಬರ ಮನೆಯಲ್ಲಿ ಹೊಸ ಡ್ಯಾಕ್ ತಂದರೂ ಸ್ಪೀಕರಿನಲ್ಲಿ ಸದಾ ಗುಂಯ್ ಗುಡುತ್ತಿತ್ತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ತಕ್ಷಣ ಸದ್ದು ಪೂರ್ತಿ ನಿಂತಿತು. ಮತ್ತೆ ಸಿಕ್ಕಿಸಿದರೆ ಮತ್ತೆ ಶುರು. ಚಾರ್ಜರಿಗೂ ಮೂರು ಪಿನ್, ಆಂಪ್ಲಿಫೈಯರಿಗೂ ಮೂರು ಪಿನ್, ಒಂದು ಕಿಟಕಿಯ ಬದಿಯ ಸಾಕೆಟ್ಟಿನಲ್ಲಿ, ಇನ್ನೊಂದು ಟಿವಿಯ ಹಿಂದಿನ ಸಾಕೆಟ್ಟಿನಲ್ಲಿ. ಎರಡು ಅರ್ತಿಂಗ್ ದಾರಿಗಳು ಹಾಡಿನ ತಂತಿಯ ಮೂಲಕ ಸೇರಿ ಒಂದು ಸುತ್ತು ಆಗಿತ್ತು. ನಮ್ಮ 50 ಹರ್ಟ್ಸ್ ವಿದ್ಯುತ್ತು ಅದರಲ್ಲಿ ಹರಿದು ಸದ್ದಾಗುತ್ತಿತ್ತು. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತಂದಾಗ ಮುಕ್ಕಾಲುಪಾಲು ಹೋಯಿತು. ಉಳಿದದ್ದು, ಆಂಪ್ಲಿಫೈಯರಿಗೆ ಸೇರಿದ್ದ ಟಿವಿಯ ಕೇಬಲ್ ತಂತಿ ತೆಗೆದಾಗ ಹೋಯಿತು.

ನೀವೂ ಇದೇ ಕ್ರಮದಲ್ಲಿ ಹುಡುಕಿ. ಆಗಲೂ ಹೋಗದಿದ್ದರೆ ಆಪ್ಟಿಕಲ್ ತಂತಿ ಬಳಸಿ. ಅದರಲ್ಲಿ ಸಾಗುವುದು ಬೆಳಕಾದ್ದರಿಂದ ಸುತ್ತು ಅಲ್ಲಿಗೇ ಕಡಿಯುತ್ತದೆ. ಯುಎಸ್‌ಬಿ ಐಸೊಲೇಟರ್ ಎಂಬ ಸಾಧನವೂ ಇದೆ, ಅಗ್ಗದವು ಕಡಿಮೆ ವೇಗದವು ಎಂಬುದನ್ನು ನೆನಪಿಡಿ. ಆಂಪ್ಲಿಫೈಯರಿನ ಅರ್ತ್ ಪಿನ್ನನ್ನು ಮುರಿದು ಸದ್ದು ನಿಲ್ಲಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಜೀವಕ್ಕೆ ಅಪಾಯ.

ಉಪ್ಪುಗಾಳಿ, ತೇವ, ಸಿಡಿಲು

ಕಡಲಿಗೆ ಹತ್ತಿರದ ಮನೆಗಳಲ್ಲಿ ಲ್ಯಾಪ್‌ಟಾಪಿಗೆ ಒಂದು ಅನುಕೂಲವಿದೆ: ಓಡುವಾಗ ಅದು ಸ್ವಲ್ಪ ಬೆಚ್ಚಗಿರುತ್ತದೆ, ಆ ಬಿಸಿ ತೇವವನ್ನು ಓಡಿಸುತ್ತದೆ. ಆಟಿಯ ಮಳೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರ ಕೆಡುವುದು ಹೆಚ್ಚು. ವಾರಕ್ಕೊಮ್ಮೆಯಾದರೂ ಒಂದೆರಡು ಗಂಟೆ ಹಾಡು ಹಾಕಿ. ಪಡುವಣ ಕಿಟಕಿಯಿಂದ ದೂರ ಇಡಿ. ಆರ್‌ಸಿಎ ಪಿನ್ನುಗಳು ಮಂಕಾಗಿ ಒಂದು ಬದಿಯ ಸ್ಪೀಕರ್ ಸದ್ದು ಕಡಿಮೆಯಾದರೆ ಪಿನ್ನನ್ನು ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಸಿಕ್ಕಿಸುವಾಗ ಎರಡು ಸಲ ತಿರುವಿ.

ಸದಾ ಚಾರ್ಜರಿನಲ್ಲೇ ಇರುವ ಬ್ಯಾಟರಿ ಬಿಸಿಗೆ ಊದಿಕೊಳ್ಳಬಹುದು. ಲೆನೊವೊ, ಏಸಸ್, ಡೆಲ್‌ನ ಹಲವು ಮಾದರಿಗಳಲ್ಲಿ ಚಾರ್ಜನ್ನು ಶೇಕಡಾ 60 ಅಥವಾ 80ಕ್ಕೆ ನಿಲ್ಲಿಸುವ ವ್ಯವಸ್ಥೆ ಇದೆ, ಅದನ್ನು ಬಳಸಿ. ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಅಂದೇ ಬ್ಯಾಟರಿ ತೆಗೆಸಿ.

ಸಿಡಿಲಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಮಳೆಗಾಲಕ್ಕೆ ಮುಂಚಿನ ಮೇ ತಿಂಗಳಲ್ಲಿ, ಆಮೇಲೆ ಅಕ್ಟೋಬರಿನಲ್ಲಿ ಸಂಜೆ ಮೂಡಣದಲ್ಲಿ ಮೋಡ ಕಪ್ಪಾದರೆ ಆಂಪ್ಲಿಫೈಯರ್, ಚಾರ್ಜರ್, ರೂಟರ್ ಮೂರರ ಪ್ಲಗ್ಗನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ರೂಟರಿನಿಂದ ಲ್ಯಾಪ್‌ಟಾಪಿಗೆ ನೆಟ್‌ವರ್ಕ್ ತಂತಿ ಎಳೆದಿದ್ದರೆ ಅದನ್ನೂ ಕೀಳಿ.

ಕ್ಯಾಸೆಟ್ ಇಳಿಸುವುದು

ಲ್ಯಾಪ್‌ಟಾಪಿಗೆ ಸದ್ದು ಒಳಬರುವ ಕಿಂಡಿಗೆ ಟೇಪ್ ಡೆಕ್ಕನ್ನು ನೇರವಾಗಿ ಕಟ್ಟಬೇಡಿ. ಅದು ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಮೈಕಿಗೆಂದು ಮಾಡಿದ್ದು, ಒಂದೇ ಚಾನೆಲ್ಲಿನದು; ಡೆಕ್ಕಿನ ಜೋರಾದ ಸಂಕೇತ ಅಲ್ಲಿ ಒಡೆದುಹೋಗುತ್ತದೆ. ಲೈನ್ ಇನ್‌ಪುಟ್ ಇರುವ ಸಣ್ಣ ಯುಎಸ್‌ಬಿ ಇಂಟರ್‌ಫೇಸ್ ಬೇಕು. ಬೆರಿಂಜರ್ ಯುಸಿಎ202 ಅಂಥದ್ದೊಂದು. 16 ಬಿಟ್, 48 ಕಿಲೋಹರ್ಟ್ಸ್ ಅದರ ಮಿತಿ, ಕ್ಯಾಸೆಟ್ಟಿಗೆ ಅಷ್ಟು ಬೇಕಾದಷ್ಟಾಯಿತು. ಆರ್‌ಸಿಎ ಔಟ್‌ಪುಟ್ ಕೂಡ ಇರುವುದರಿಂದ ಆರಂಭದಲ್ಲಿ ಅದನ್ನೇ ಡ್ಯಾಕ್ ಆಗಿಯೂ ಬಳಸಬಹುದು.

ಡೆಕ್ಕಿನ ಹೆಡ್ಡನ್ನೂ ರಬ್ಬರ್ ಗಾಲಿಯನ್ನೂ ಒರೆಸಿಕೊಳ್ಳಿ. ವರ್ಷಾನುಗಟ್ಟಲೆ ಮುಟ್ಟದ ಕ್ಯಾಸೆಟ್ಟನ್ನು ಮೊದಲು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಒಮ್ಮೆ ಓಡಿಸಿ. ಅಂಟಿಕೊಂಡ ಪದರಗಳು ಬಿಡುತ್ತವೆ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ಒಳ್ಳೆಯ ಡೆಕ್ಕಿಗೆ ಹಾಕಬೇಡಿ, ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ಯಕ್ಷಗಾನ ಇಳಿಸುವವರು ಮುಗ್ಗರಿಸುವುದು ಧ್ವನಿಮಟ್ಟದಲ್ಲಿ. ಅರ್ಥಗಾರಿಕೆಯ ಮೆಲುಮಾತಿಗೆ ಮಟ್ಟ ಹೊಂದಿಸಿ ಬಿಟ್ಟರೆ, ಮುಂದೆ ಯುದ್ಧದ ಪದ್ಯಕ್ಕೆ ಚೆಂಡೆ ಬಿದ್ದಾಗ ಒಡಾಸಿಟಿಯ ಅಲೆ ಮೇಲಿನ ಗೆರೆಗೆ ಬಡಿದು ಚಪ್ಪಟೆಯಾಗುತ್ತದೆ. ಆ ಪೆಟ್ಟು ಆಮೇಲೆ ಯಾವ ಉಪಾಯದಿಂದಲೂ ಮರಳದು. ಮೊದಲೇ ಟೇಪನ್ನು ಓಡಿಸಿ ಚೆಂಡೆಯ ಏರು ಎಲ್ಲಿದೆ ಎಂದು ಹುಡುಕಿ, ಅದು ಮೈನಸ್ 6 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಮಟ್ಟ ಇಡಿ. ಮಾತು ಸಣ್ಣಗೆ ಕೇಳಿದರೆ ಚಿಂತೆಯಿಲ್ಲ, ಆಮೇಲೆ ಏರಿಸಬಹುದು.

ಸಿ-90 ಕ್ಯಾಸೆಟ್ಟಿನ ಒಂದು ಬದಿಗೆ 45 ನಿಮಿಷ. ವೇಗ ಹೆಚ್ಚಿಸುವ ದಾರಿ ಇಲ್ಲ, ಕುಳಿತು ಕೇಳಲೇಬೇಕು. ಕೇಳುವಾಗ ಒಂದು ಪುಸ್ತಕದಲ್ಲಿ ಪ್ರಸಂಗ, ಭಾಗವತರು, ಮೇಳ, ಸ್ಥಳ, ವರ್ಷ ಬರೆದುಕೊಳ್ಳಿ. ಧ್ವನಿಯಿಂದಲೇ ಭಾಗವತರನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಇಳಿಸಿದ್ದನ್ನು ಇದ್ದ ಹಾಗೆಯೇ ಫ್ಲ್ಯಾಕ್ ಫೈಲಾಗಿ ಉಳಿಸಿ, ಸುಯ್ ಸದ್ದು ತೆಗೆಯುವ ಪ್ರಯೋಗವನ್ನು ಅದರ ನಕಲಿನ ಮೇಲೆ ಮಾತ್ರ ಮಾಡಿ. ಆ ತಂತ್ರಾಂಶಗಳು ಸದ್ದಿನ ಜೊತೆಗೆ ತಾಳದ ಝೇಂಕಾರದ ಬಾಲವನ್ನೂ ಕತ್ತರಿಸಿಬಿಡುತ್ತವೆ. ನನಗೆ ಟೇಪಿನ ಸುಯ್ ಸದ್ದೇ ವಾಸಿ.

ಸಮಯ ಕಡಿಮೆ ಇದ್ದರೆ ಕ್ರಮ ಹೀಗಿರಲಿ: ಮನೆಯಲ್ಲೇ ರೆಕಾರ್ಡ್ ಮಾಡಿದವು ಮೊದಲು, ಬಯಲಾಟದವು ಆಮೇಲೆ, ಅಂಗಡಿಯಲ್ಲಿ ಕೊಂಡ ಕಂಪೆನಿ ಕ್ಯಾಸೆಟ್ಟುಗಳು ಕೊನೆಗೆ, ಏಕೆಂದರೆ ಅವುಗಳ ಇನ್ನೊಂದು ಪ್ರತಿ ಯಾರ ಮನೆಯಲ್ಲಾದರೂ ಇದ್ದೀತು. ಇಳಿಸಿದ ಎಲ್ಲದರ ಎರಡನೆಯ ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ಆ ಡಿಸ್ಕನ್ನು ಬೇರೆ ಮನೆಯಲ್ಲಿಡಿ. ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು, ವರ್ಷಕ್ಕೊಮ್ಮೆ ದೀಪಾವಳಿಯ ಹೊತ್ತಿಗೆ ತೆಗೆದು ಹೊಸ ಫೈಲುಗಳನ್ನು ಸೇರಿಸಿ.